ಕುಂದಿಲ್ಲದ ಬಾಳಿನ ಹೊರೆ: ಜಡೆ ಸೀಮೆಯಲ್ಲಿ ಒತ್ತಡ ಮತ್ತು ನಿಭಾವಣೆಯ ಚರಿತ್ರೆ

ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಹೋಬಳಿ ಕೇಂದ್ರವಾದ ಜಡೆಯೂ ಅದರ ಸುತ್ತಣ ಸೊರಬ, ಶಿಕಾರಿಪುರ ತಾಲೂಕುಗಳ ಹಳ್ಳಿಗಳೂ ಶಾಸನಗಳ ಕಾಲದಲ್ಲಿ ಬನವಾಸಿ ಪನ್ನಿರ್ಛಾಸಿರವೆಂಬ ದೊಡ್ಡ ನಾಡಿನ ಭಾಗವಾಗಿದ್ದು, ನಾಗರಖಂಡ ಎಪ್ಪತ್ತು, ಜಿಡ್ಡುಳಿಗೆ ಎಪ್ಪತ್ತು ಮೊದಲಾದ ಕಿರುನಾಡುಗಳಲ್ಲಿ ಹಂಚಿಹೋಗಿದ್ದವು. ಕೆರೆಯ ಏರಿ, ಗುಡಿಯ ಅಂಗಳ, ಗದ್ದೆಯ ಬದು, ಎಲ್ಲಿ ನೋಡಿದರೂ ಬರಹ ಹೊತ್ತ ಕಲ್ಲುಗಳು ಸಿಗುವ ಈ ಸೀಮೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ 7 ಮತ್ತು 8ನೆಯ ಸಂಪುಟಗಳಲ್ಲಿ, ಅಂದರೆ ಶಿಕಾರಿಪುರದವನ್ನು 1902ರಲ್ಲಿಯೂ ಸೊರಬದವನ್ನು 1904ರಲ್ಲಿಯೂ ಪ್ರಕಟಿಸಿದ ಮೇಲೆ, ಕದಂಬರಿಂದ ಕೆಳದಿಯವರೆಗಿನ ರಾಜಕೀಯ ಚರಿತ್ರೆಗೆ, ಶೈವ, ಜೈನ, ಬೌದ್ಧ ಧರ್ಮಗಳ ಚರಿತ್ರೆಗೆ ಅವು ಮೂಲ ಆಕರಗಳಾಗಿ ಬಳಕೆಯಾಗುತ್ತ ಬಂದಿವೆ. ಆದರೆ ಅದೇ ಕಲ್ಲುಗಳು ಇನ್ನೊಂದು ಚರಿತ್ರೆಗೂ ಆಕರವಾಗಬಲ್ಲವು: ಒಂದು ಸಮಾಜವು ತನ್ನ ಜನರಿಂದ ಎಂಥ ಬಾಳನ್ನು ಬಯಸಿತು, ಆ ಬಯಕೆಯ ಭಾರವನ್ನು ಜನ ಹೇಗೆ ಹೊತ್ತರು, ಹೊರಲಾರದೆ ಹೋದಾಗ ಅವರಿಗೆ ಆಸರೆ ಎಲ್ಲಿ ಸಿಕ್ಕಿತು ಎಂಬ ಚರಿತ್ರೆಗೆ.

ಈ ಪ್ರಶ್ನೆಗಳನ್ನು ಇಂದು ಕೇಳುತ್ತಿರುವುದು ಮನೋವಿಜ್ಞಾನ. ಅದರ ಸಂಶೋಧಕರು ಪರಿಪೂರ್ಣತಾಹಟ ಎಂದು ಹೆಸರಿಸುವ ಗುಣವೆಂದರೆ ಒಳ್ಳೆಯ ಕೆಲಸ ಮಾಡಬೇಕೆಂಬ ಸಹಜ ಆಸೆಯಲ್ಲ. ಒಂದು ಕುಂದೂ ಇರಕೂಡದು, ಕುಂದು ಕಂಡರೆ ತನಗೆ ಬೆಲೆಯೇ ಇಲ್ಲ ಎಂದು ತನ್ನನ್ನು ತಾನೇ ಅಳೆದುಕೊಳ್ಳುವ ಮನೋಭಾವ ಅದು. ಜರ್ಮನಿಯಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಮನೋವಿಶ್ಲೇಷಕಿ ಕರೆನ್ ಹಾರ್ನಿ 1950ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹೀಗಿರಲೇಬೇಕು ಎಂಬ ಒಳಗಿನ ಕಟ್ಟಪ್ಪಣೆಗಳು ಮನುಷ್ಯನನ್ನು ಆಳುವ ಬಗೆಯನ್ನು ವಿವರಿಸಿದರು. 1978ರಲ್ಲಿ ಡಾನ್ ಹ್ಯಾಮಚೆಕ್ ಆರೋಗ್ಯಕರವಾದ ಹಟವನ್ನು ರೋಗಕಾರಕ ಹಟದಿಂದ ಬೇರ್ಪಡಿಸಿದರು. 1990ರಲ್ಲಿ ರ‍್ಯಾಂಡಿ ಫ್ರಾಸ್ಟ್ ಮತ್ತು ಸಂಗಡಿಗರು ತಪ್ಪಿನ ಬಗೆಗಿನ ಅಳುಕು, ಮಾಡಿದ ಕೆಲಸದ ಬಗೆಗಿನ ಸಂಶಯ, ತಂದೆತಾಯಿಯರ ನಿರೀಕ್ಷೆ, ಅವರ ಟೀಕೆ ಮೊದಲಾದ ಅಂಶಗಳನ್ನು ಬಿಡಿಬಿಡಿಯಾಗಿ ಅಳೆಯುವ ಪ್ರಶ್ನಾವಳಿಯನ್ನು ಸಿದ್ಧಪಡಿಸಿದರು. ಅದರ ಮರುವರ್ಷವೇ ಕೆನಡಾದ ಪಾಲ್ ಹೆವಿಟ್ ಮತ್ತು ಗಾರ್ಡನ್ ಫ್ಲೆಟ್ ಮಾಡಿದ ಮೂರು ಬಗೆಯ ವಿಂಗಡಣೆ ಚರಿತ್ರೆಯ ಓದಿಗೆ ಎಲ್ಲಕ್ಕಿಂತ ಹೆಚ್ಚು ಉಪಯುಕ್ತವಾದುದು. ತನ್ನಿಂದ ತಾನೇ ಕುಂದಿಲ್ಲದಿರುವಿಕೆಯನ್ನು ಬಯಸುವುದು ಒಂದು, ಇತರರಿಂದ ಬಯಸುವುದು ಇನ್ನೊಂದು, ಇತರರು ತನ್ನಿಂದ ಅದನ್ನು ಬಯಸುತ್ತಿದ್ದಾರೆಂಬ ಭಾವನೆಯಲ್ಲಿ ಬದುಕುವುದು ಮೂರನೆಯದು. ಖಿನ್ನತೆ, ಆತಂಕ, ಬಾಳಿನ ಬಗೆಗಿನ ಹತಾಶೆ ಇವುಗಳೊಡನೆ ನಿಕಟವಾದ ನಂಟು ಕಂಡುಬಂದಿರುವುದು ಮುಖ್ಯವಾಗಿ ಈ ಮೂರನೆಯ ಬಗೆಗೆ, ಅಂದರೆ ಸಮಾಜ ಹೊರಿಸಿದ ಪರಿಪೂರ್ಣತೆಗೆ. ಅಮೆರಿಕ, ಕೆನಡಾ ಮತ್ತು ಬ್ರಿಟನ್ನಿನ 41,641 ಕಾಲೇಜು ವಿದ್ಯಾರ್ಥಿಗಳ ಉತ್ತರಗಳನ್ನು ಒಟ್ಟುಗೂಡಿಸಿ ಥಾಮಸ್ ಕರನ್ ಮತ್ತು ಆಂಡ್ರ್ಯೂ ಹಿಲ್ 2019ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ 1989ರಿಂದ 2016ರವರೆಗೆ ಮೂರೂ ಬಗೆಗಳು ಏರಿವೆ, ಆದರೆ ಅತಿ ಹೆಚ್ಚಾಗಿ, ಶೇಕಡಾ 33ರಷ್ಟು ಏರಿರುವುದು ಈ ಮೂರನೆಯದೇ.

ಒತ್ತಡವೆಂಬ ಪರಿಕಲ್ಪನೆಯ ಬೆಳವಣಿಗೆಯೂ ಹೊರಗಿನಿಂದ ಒಳಗೆ ಸರಿದುಬಂದದ್ದು. 1936ರಲ್ಲಿ ಹಾನ್ಸ್ ಸೆಲ್ಯೆ ಇಲಿಗಳ ಮೇಲೆ ಪ್ರಯೋಗ ನಡೆಸಿ, ಚಳಿ, ಗಾಯ, ವಿಷ ಹೀಗೆ ಪೆಟ್ಟು ಯಾವುದೇ ಇರಲಿ, ದೇಹ ಒಂದೇ ರೀತಿಯಲ್ಲಿ ಬೆಚ್ಚಿ, ಸೆಣಸಿ, ಕೊನೆಗೆ ಸೋಲುತ್ತದೆಂದು ತೋರಿಸಿದಾಗ ಒತ್ತಡವು ದೇಹದ ವಿಚಾರವಾಗಿತ್ತು. 1984ರ ವೇಳೆಗೆ ರಿಚರ್ಡ್ ಲಝಾರಸ್ ಮತ್ತು ಸೂಸನ್ ಫೋಕ್‌ಮನ್ ಅದನ್ನು ಅರ್ಥೈಸುವಿಕೆಯ ವಿಚಾರವಾಗಿಸಿದರು: ಬಂದೊದಗಿದ ಸಂಗತಿಯನ್ನು ವ್ಯಕ್ತಿ ಏನೆಂದು ತೂಗಿ ನೋಡುತ್ತಾನೆ, ಅದನ್ನು ಎದುರಿಸಲು ತನ್ನ ಬಳಿ ಏನಿದೆ ಎಂದು ಎಣಿಸುತ್ತಾನೆ ಎಂಬುದರ ಮೇಲೆ ಒತ್ತಡದ ತೀವ್ರತೆ ನಿಂತಿದೆಯೆಂದೂ, ಅದಕ್ಕೆ ಕೊಡುವ ಪ್ರತಿಕ್ರಿಯೆ, ಅಂದರೆ ನಿಭಾವಣೆ, ಸಮಸ್ಯೆಯನ್ನೇ ಬದಲಿಸುವ ಯತ್ನವಾಗಿರಬಹುದು ಇಲ್ಲವೇ ಅದರಿಂದ ಹುಟ್ಟಿದ ಭಾವವನ್ನು ತಣಿಸುವ ಯತ್ನವಾಗಿರಬಹುದೆಂದೂ ಅವರು ವಾದಿಸಿದರು. ಸ್ವಾಸ್ಥ್ಯವೆಂದರೆ ನೋವಿಲ್ಲದಿರುವುದಷ್ಟೇ ಆಗಲಾರದು, ತನ್ನನ್ನು ತಾನು ಒಪ್ಪಿಕೊಳ್ಳುವುದು, ಇತರರೊಡನೆ ಒಳ್ಳೆಯ ಸಂಬಂಧ, ಬಾಳಿಗೊಂದು ಗುರಿ ಇವೂ ಸೇರಿರಬೇಕು ಎಂದು ಕ್ಯಾರೊಲ್ ರಿಫ್ 1989ರಲ್ಲಿ ವಿಸ್ತರಿಸಿದರು.

ಈ ಪದಗಳನ್ನು ಸಾವಿರ ವರ್ಷದ ಹಿಂದಿನವರಿಗೆ ಹಚ್ಚುವುದರಲ್ಲಿ ಅಪಾಯವಿದೆ. ಶಾಸನವು ಬರೆಸಿದವರ ಮಾತು, ಸತ್ತವರ ಮಾತಲ್ಲ. ಅದರಲ್ಲಿ ಮನಸ್ಸು ಕಾಣುವುದಿಲ್ಲ, ಮನಸ್ಸಿನಿಂದ ಏನನ್ನು ಅಪೇಕ್ಷಿಸಲಾಗಿತ್ತು ಎಂಬುದು ಮಾತ್ರ ಕಾಣುತ್ತದೆ. ಆದರೆ ಹೆವಿಟ್ ಮತ್ತು ಫ್ಲೆಟ್ ಹೇಳುವ ಮೂರನೆಯ ಬಗೆಯ ಪರಿಪೂರ್ಣತೆಗೆ ಬೇರು ಇರುವುದೂ ಇತರರ ಅಪೇಕ್ಷೆಯಲ್ಲಿಯೇ ಆದ್ದರಿಂದ, ಆ ಒಂದು ವಿಷಯಕ್ಕೆ ಕಲ್ಲಿಗಿಂತ ಉತ್ತಮ ಸಾಕ್ಷಿ ಸಿಗುವುದು ಕಷ್ಟ.

ಈ ಸೀಮೆಯ ಅತಿ ಹಳೆಯ ದೊಡ್ಡ ಶಾಸನವೇ ಒಂದು ಮನಸ್ಸಿನ ಕಲಕಾಟದ ಕಥನವನ್ನು ಒಳಗೊಂಡಿದೆ. ಶಿಕಾರಿಪುರ ತಾಲೂಕಿನ ತಾಳಗುಂದದ ಪ್ರಣವೇಶ್ವರ ಗುಡಿಯ ಮುಂದಿರುವ ಸ್ತಂಭದ ಮೇಲೆ, 5ನೆಯ ಶತಮಾನದಲ್ಲಿ ಕದಂಬ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ರಚಿಸಿದ ಸಂಸ್ಕೃತ ಕಾವ್ಯ, ಮಯೂರಶರ್ಮನು ಗುರು ವೀರಶರ್ಮನೊಡನೆ ಕಂಚಿಯ ಘಟಿಕಾಸ್ಥಾನಕ್ಕೆ ಓದಲು ಹೋದದ್ದನ್ನೂ, ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ ಅವಮಾನಕ್ಕೆ ಒಳಗಾದದ್ದನ್ನೂ, ವೇದವನ್ನೆಲ್ಲ ಓದಿದರೂ ಬ್ರಾಹ್ಮಣ್ಯವು ಕ್ಷಾತ್ರದ ಮುಂದೆ ಇಷ್ಟು ದುರ್ಬಲವಾಯಿತೇ ಎಂದು ಅವನು ಹಲುಬಿದ್ದನ್ನೂ ಹೇಳಿ, ಆಮೇಲಷ್ಟೇ ದರ್ಭೆ ಹಿಡಿದ ಕೈ ಕತ್ತಿ ಹಿಡಿದುದನ್ನು ಹೇಳುತ್ತದೆ. ಅವಮಾನಕ್ಕೂ ಕತ್ತಿಗೂ ನಡುವೆ ಕವಿ ಆ ಹಲುಬುವಿಕೆಗೆ ಎಡೆ ಕೊಟ್ಟಿರುವುದು ಗಮನಾರ್ಹ, ಏಕೆಂದರೆ ಸಂಗತಿಗೂ ಪ್ರತಿಕ್ರಿಯೆಗೂ ನಡುವೆ ಮನಸ್ಸು ಮಾಡುವ ತೂಕವನ್ನು ಅವನು ಕಡೆಗಣಿಸಿಲ್ಲ. ಗೆದ್ದು ರಾಜನಾದವನಾದ್ದರಿಂದ ಅವನ ಅಳಲನ್ನು ಕಲ್ಲಿನ ಮೇಲೆ ಬರೆಯಲು ಅಡ್ಡಿಯಿರಲಿಲ್ಲ ಎಂಬುದನ್ನೂ ಇದರೊಡನೆ ನೆನೆಯಬೇಕು.

ಅರಸರಲ್ಲದವರ ಅಳಲಿಗೆ ಕಲ್ಲಿನಲ್ಲಿ ಜಾಗವಿರಲಿಲ್ಲ. ಸೊರಬ, ಶಿಕಾರಿಪುರ ತಾಲೂಕುಗಳ ಊರೂರಲ್ಲಿ ನಿಂತಿರುವ ವೀರಗಲ್ಲುಗಳ ಪಟ್ಟಿಕೆಗಳು ಬಹುಮಟ್ಟಿಗೆ ಒಂದೇ ಕ್ರಮದಲ್ಲಿವೆ: ಕೆಳಗೆ ತುರುಗೊಳ್ ಎಂಬ ದನಗಳ ಸೆರೆಯಲ್ಲೋ ಊರಳಿವಿನ ಕಾಳಗದಲ್ಲೋ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಅವನು ಶಿವನ ಇಲ್ಲವೇ ಜಿನನ ಸನ್ನಿಧಿಯಲ್ಲಿ ಕುಳಿತಿರುವುದು. ಉಂಡ ಅನ್ನದ ಋಣವನ್ನು ಪ್ರಾಣ ಕೊಟ್ಟು ತೀರಿಸುವ ಕರ್ತವ್ಯವನ್ನು ಹಳಗನ್ನಡದ ಕಾವ್ಯಗಳು ಜೋಳದ ಪಾಳಿಯೆಂದು ಕರೆದವು. ಒಡೆಯನು ಸತ್ತಾಗ ತಾನೂ ಸಾಯುವೆನೆಂದು ಮೊದಲೇ ಭಾಷೆ ಕೊಟ್ಟು ಹಾಗೆಯೇ ನಡೆದುಕೊಂಡ ವೇಳೆವಾಳಿಗಳೂ ಇದ್ದರು. ಎಂ. ಚಿದಾನಂದಮೂರ್ತಿ ಅವರು 1966ರಲ್ಲಿ ಪ್ರಕಟವಾದ ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನದಲ್ಲಿ ಈ ಸಂಪ್ರದಾಯಗಳನ್ನು ವಿವರವಾಗಿ ಪರಿಶೀಲಿಸಿದ್ದಾರೆ. ಹೆಂಗಸರ ಪಾಲಿಗೆ ಮಾಸ್ತಿಗಲ್ಲುಗಳಿದ್ದವು. ಬಳೆ ತೊಟ್ಟು ಮೇಲೆತ್ತಿದ ಒಂದು ತೋಳೇ ಅಲ್ಲಿ ಗಂಡನೊಡನೆ ಚಿತೆಯೇರಿದವಳ ಗುರುತು. ಹೆದರಿ ಹಿಂದಿರುಗಿದ ಆಳಿಗೆ, ಮಕ್ಕಳ ಸಲುವಾಗಿ ಬದುಕುಳಿದ ವಿಧವೆಗೆ ಇಂಥ ಕಲ್ಲಿಲ್ಲ. ಅಂಥವರೇ ಹೆಚ್ಚಿನವರಾಗಿದ್ದಿರಬೇಕು, ಇಲ್ಲವಾದರೆ ಊರುಗಳು ಉಳಿಯುತ್ತಿರಲಿಲ್ಲ. ಆದರೆ ಅವರು ದಿನವೂ ದನ ಹೊಡೆದುಕೊಂಡು ಹೋಗುತ್ತಿದ್ದ ದಾರಿಯಲ್ಲಿ ನಿಂತಿದ್ದುದು ತಮ್ಮಂತೆ ಬದುಕದವರ ಕಲ್ಲು. ಹೆವಿಟ್ ಮತ್ತು ಫ್ಲೆಟ್ ಅವರ ಮೂರನೆಯ ಬಗೆಯನ್ನು ಕಲ್ಲಿನಲ್ಲಿ ಕಂಡರಿಸಿದರೆ ಅದು ಹೀಗೆಯೇ ಇರುತ್ತದೆ.

ಈ ಸಾಲಿನಲ್ಲಿ ಒಂದು ಶಾಸನ ಮಾತ್ರ ತೀರ ಬೇರೆಯಾಗಿ ನಿಲ್ಲುತ್ತದೆ, ಮತ್ತು ಅದರ ಬಳಿ ತುಸು ಹೊತ್ತು ನಿಲ್ಲುವುದು ಅಗತ್ಯ. ಶಿಕಾರಿಪುರ ತಾಲೂಕಿನ ಬಂದಳಿಕೆಯಲ್ಲಿ ದೊರೆತ, 10ನೆಯ ಶತಮಾನದ ಆದಿಯ ಆ ಶಾಸನದ ಪ್ರಕಾರ ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ತೀರಿಕೊಂಡಾಗ, ಆ ಅಧಿಕಾರ ಅವನ ಹೆಂಡತಿ ಜಕ್ಕಿಯಬ್ಬೆಗೆ ಬಂತು. ಆಕೆ ಚಿತೆಯೇರಲಿಲ್ಲ, ನಾಡನ್ನು ಆಳಿದಳು. ಹೆಣ್ಣಾಗಿಯೂ ಸಮರ್ಥವಾಗಿ ಆಳಿದಳೆಂದು ಶಾಸನ ಹೊಗಳುವುದರಲ್ಲಿ ಆ ಕಾಲದ ಅಪನಂಬಿಕೆಯೂ ಅಡಗಿದೆ, ಆ ಅಪನಂಬಿಕೆಯನ್ನು ಆಕೆ ಸುಳ್ಳಾಗಿಸಿದ ಮೆಚ್ಚುಗೆಯೂ ಇದೆ. ಮುಂದೆ ರೋಗ ಬಂದು ಮೈ ಸೋತಾಗ ಮಗಳನ್ನು ಕರೆಸಿ, ಎಲ್ಲವನ್ನೂ ಅವಳಿಗೆ ಒಪ್ಪಿಸಿ, ಬಂದಳಿಕೆಯ ತೀರ್ಥದಲ್ಲಿ ಸಲ್ಲೇಖನ ವ್ರತ ಹಿಡಿದು, ಅಂದರೆ ಅನ್ನಾಹಾರಗಳನ್ನು ಕ್ರಮಕ್ರಮವಾಗಿ ತೊರೆಯುವ ಜೈನ ವಿಧಿಯಂತೆ ಪ್ರಾಣ ಬಿಟ್ಟಳು. ಅದೇ ವಿಧಿಯಂತೆ ಮಡಿದವರ ನಿಸಿದಿಗಲ್ಲುಗಳು ಸೊರಬ ತಾಲೂಕಿನ ಹಿರೇಆವಲಿಯಲ್ಲಿ ಸಾಲಾಗಿ ಸಿಗುತ್ತವೆ, ಮತ್ತು ಅವೂ ಒಂದು ಕಠಿಣ ಆದರ್ಶದ ಗುರುತುಗಳೇ. ಆದರೆ ಜಕ್ಕಿಯಬ್ಬೆಯ ವಿಷಯದಲ್ಲಿ ಆದರ್ಶದ ಆಯ್ಕೆ ಆಕೆಯದೇ ಆಗಿತ್ತೆನ್ನಲು ಶಾಸನದಲ್ಲಿ ಆಧಾರವಿದೆ: ಮಾಸ್ತಿಯಾಗುವ ದಾರಿಯನ್ನು ಬಿಟ್ಟು ಆಡಳಿತದ ದಾರಿ ಹಿಡಿದವಳು, ಮಾಡಬೇಕಾದುದನ್ನೆಲ್ಲ ಮಾಡಿ, ಮುಂದಿನವರಿಗೆ ವಹಿಸಿ, ತನ್ನ ಧರ್ಮ ಒಪ್ಪಿದ ಕೊನೆಯನ್ನು ತಾನೇ ಗೊತ್ತುಮಾಡಿಕೊಂಡಳು. ತನ್ನ ಗುರಿಯನ್ನು ತಾನೇ ಇಟ್ಟುಕೊಳ್ಳುವುದಕ್ಕೂ ಇತರರು ಇಟ್ಟ ಗುರಿಗೆ ತಲೆಕೊಡುವುದಕ್ಕೂ ಇರುವ ಅಂತರ ಇಪ್ಪತ್ತನೆಯ ಶತಮಾನದ ಪ್ರಶ್ನಾವಳಿಗಳಲ್ಲಿ ಮೊದಲ ಬಾರಿಗೆ ಕಂಡದ್ದಲ್ಲ, ಬಂದಳಿಕೆಯ ಕಲ್ಲಿಗೂ ವೀರಗಲ್ಲಿಗೂ ನಡುವೆ ಅದು ಮೊದಲೇ ಇತ್ತು.

ಭಾರ ಹೊರಿಸಿದ ಸಮಾಜವೇ ಆಸರೆಯನ್ನೂ ಕಟ್ಟಿತು. ಶಿಕಾರಿಪುರ ತಾಲೂಕಿನ ಬಳ್ಳಿಗಾವೆಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವು ಲಾಕುಳ ಶೈವ ಆಚಾರ್ಯರ, ಅಂದರೆ ಕಾಳಾಮುಖರೆಂದು ಹೆಸರಾದ ಯತಿಗಳ ದೊಡ್ಡ ಕೇಂದ್ರವಾಗಿತ್ತು. ಕಳಚುರಿ ಬಿಜ್ಜಳನ ಆಳ್ವಿಕೆಗೆ ಸೇರಿದ 1162ರ ಶಾಸನವೊಂದು ಆ ಮಠದ ಚಟುವಟಿಕೆಯನ್ನು ಬಣ್ಣಿಸುವ ಬಗೆ ಕರ್ನಾಟಕದ ಸಾಮಾಜಿಕ ಚರಿತ್ರೆಯಲ್ಲಿಯೇ ಅಪರೂಪದ್ದು. ನಾಲ್ಕು ವೇದಗಳು, ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳು, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ದರ್ಶನಗಳು, ಲಾಕುಳ ಸಿದ್ಧಾಂತ, ಪತಂಜಲಿಯ ಯೋಗಶಾಸ್ತ್ರ, ಪುರಾಣ, ಕಾವ್ಯ, ನಾಟಕ ಇವುಗಳ ಅಧ್ಯಯನಕ್ಕೆ ಅದು ನೆಲೆಯೆಂದು ಹೇಳಿದ ಶಾಸನ, ಅದೇ ಉಸಿರಿನಲ್ಲಿ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರು, ಬೇರೆಬೇರೆ ಪಂಥಗಳ ಸಂನ್ಯಾಸಿಗಳು, ಜೈನ ಕ್ಷಪಣಕರು ಇವರೆಲ್ಲರಿಗೂ ಅನ್ನ ನೀಡುವ ತಾಣವೆಂದೂ, ದಿಕ್ಕಿಲ್ಲದ ರೋಗಿಗಳಿಗೆ ಔಷಧ ಕೊಡುವ ತಾಣವೆಂದೂ, ಸಕಲ ಪ್ರಾಣಿಗಳಿಗೂ ಅಭಯ ಕೊಡುವ ತಾಣವೆಂದೂ ಕರೆಯುತ್ತದೆ.

ಶಾಸನಗಳಿಗೆ ಉತ್ಪ್ರೇಕ್ಷೆ ಸಹಜ ಎಂದು ಎಷ್ಟು ಕಳೆದರೂ ಇಲ್ಲಿ ಉಳಿಯುವುದು ದೊಡ್ಡದು. ಅನ್ನ ಪಡೆಯಲು ಯೋಗ್ಯತೆಯ ಪರೀಕ್ಷೆ ಇರಲಿಲ್ಲ ಎಂಬುದು ಆ ಪಟ್ಟಿಯಿಂದಲೇ ಸ್ಪಷ್ಟ. ಕುಂದಿದ್ದವರನ್ನು ಅವರ ಕುಂದನ್ನು ಹೆಸರಿಸಿಯೇ ಒಳಕ್ಕೆ ಕರೆದ ಬಾಗಿಲು ಅದು, ಮತ್ತು ಅದನ್ನು ತೆರೆದಿಟ್ಟವರು ಬೇರೆ ಪಂಥದ ಯತಿಗಳಿಗೂ ಬಾಗಿಲು ಮುಚ್ಚಲಿಲ್ಲ. ಪತಂಜಲಿಯ ಯೋಗಸೂತ್ರವು ಮನಸ್ಸಿನ ಕ್ಲೇಶಗಳನ್ನು, ಅಂದರೆ ಅವಿದ್ಯೆ, ನಾನೆಂಬ ಭಾವ, ಆಸೆ, ದ್ವೇಷ, ಸಾವಿನ ಅಂಜಿಕೆ ಎಂಬ ಐದನ್ನು ಗುರುತಿಸಿ, ಅವನ್ನು ತಪಸ್ಸು, ಸ್ವಾಧ್ಯಾಯ, ಈಶ್ವರಪ್ರಣಿಧಾನಗಳಿಂದ ತೆಳ್ಳಗಾಗಿಸುವ ಕ್ರಮವನ್ನು ಹೇಳುವ ಶಾಸ್ತ್ರ. ಆ ಶಾಸ್ತ್ರದ ಪಾಠ, ಬಡವರ ಊಟ, ರೋಗಿಯ ಔಷಧ, ಹೆದರಿದವರಿಗೆ ಅಭಯ ಈ ನಾಲ್ಕೂ ಒಂದೇ ಮಠದ ಆವರಣದಲ್ಲಿ ಇದ್ದವೆಂಬುದನ್ನು ಮಾನಸಿಕ ಆರೋಗ್ಯದ ಚರಿತ್ರೆ ಬರೆಯುವವರು ಇನ್ನಷ್ಟು ಗಂಭೀರವಾಗಿ ಎಣಿಸಬೇಕು. ಕಾಳಾಮುಖ ಮಠಗಳ ಕಾಲ ಮುಗಿದ ನಂತರ ಈ ಸೀಮೆಯಲ್ಲಿ ವಿರಕ್ತ ಮಠಗಳು ಬೇರುಬಿಟ್ಟವು, ಜಡೆಯ ಸಂಸ್ಥಾನ ಮಠವೂ ಆ ಪರಂಪರೆಯದೇ. ದಾಸೋಹ, ಮಕ್ಕಳ ಓದು, ಮನೆತನಗಳ ವ್ಯಾಜ್ಯ, ದುಃಖ ತೋಡಿಕೊಳ್ಳುವಿಕೆ ಇವೆಲ್ಲ ಮಲೆನಾಡಿನಲ್ಲಿ ಮಠದ ಪಡಸಾಲೆಗೆ ಬಂದು ಸೇರುವ ಪದ್ಧತಿ ಹೀಗೆ ಹೊಸ ರೂಪದಲ್ಲಿ ಮುಂದುವರಿಯಿತು.

ಬಳ್ಳಿಗಾವೆಯೇ ಅಲ್ಲಮಪ್ರಭುವಿನ ಊರು, ಸನಿಹದ ಉಡುತಡಿ ಅಕ್ಕಮಹಾದೇವಿಯದು, ಹಿರೇಜಂಬೂರು ಸತ್ಯಕ್ಕನದು. ಶಿಕಾರಿಪುರ ತಾಲೂಕೊಂದರಲ್ಲಿಯೇ ಮೂವರು ವಚನಕಾರರು ಹುಟ್ಟಿದ್ದು ಕೇವಲ ಅಭಿಮಾನದ ಸಂಗತಿಯಾಗಿ ಉಳಿಯಬೇಕಿಲ್ಲ, ಏಕೆಂದರೆ ಅವರ ಕಥನಗಳು ಮುಂದಿನ ಶತಮಾನಗಳಲ್ಲಿ ಪಡೆದ ಮಾರ್ಪಾಟು ಈ ಪ್ರಬಂಧದ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದೆ. ಹರಿಹರ ಕವಿಯ ಪ್ರಭುದೇವರ ರಗಳೆಯಲ್ಲಿ ಅಲ್ಲಮನು ಮದ್ದಳೆ ನುಡಿಸುವ ತರುಣ. ಕಮಲತೆಯೆಂಬ ಹೆಣ್ಣನ್ನು ಒಲಿದು ಸುಖವಾಗಿದ್ದವನು, ಆಕೆ ಜ್ವರ ಬಂದು ಸತ್ತಾಗ ಮರುಳನಂತೆ ಅಲೆದು, ತೋಟವೊಂದರಲ್ಲಿ ಕಂಗೆಟ್ಟು ಕುಳಿತು ಕಾಲ್ಬೆರಳಿನಿಂದ ನೆಲ ಕೆರೆಯುತ್ತಿದ್ದಾಗ ಹೂತುಹೋದ ಗುಡಿಯ ಕಳಸ ಕಂಡು, ಅಗೆಸಿ ಒಳಹೊಕ್ಕು ಗುರು ಅನಿಮಿಷನನ್ನು ಕಾಣುತ್ತಾನೆ. ಶೋಕದಲ್ಲಿರುವವನ ನೆಟ್ಟ ನೋಟ, ಉದ್ದೇಶವಿಲ್ಲದೆ ನೆಲ ಕೆರೆಯುವ ಕಾಲು, ಹೊರಗಿನ ಲೋಕದ ಕಡೆಗಿನ ಅರಿವುಗೇಡಿತನ ಇವನ್ನೆಲ್ಲ ಹರಿಹರ ಬಲು ಕಂಡರಿತವನಂತೆ ಚಿತ್ರಿಸುತ್ತಾನೆ, ಮತ್ತು ಜ್ಞಾನದ ಬಾಗಿಲು ತೆರೆಯುವುದು ಆ ಶೋಕವನ್ನು ಬದಿಗೊತ್ತುವುದರಿಂದಲ್ಲ, ಅದರ ನಡುವಿನಿಂದಲೇ.

15ನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ ಚಾಮರಸನು ಪ್ರಭುಲಿಂಗಲೀಲೆಯನ್ನು ರಚಿಸುವ ಹೊತ್ತಿಗೆ ಈ ಅಲ್ಲಮ ಕಣ್ಮರೆಯಾಗಿದ್ದಾನೆ. ಅಲ್ಲಿ ಮಾಯೆಯು ಬನವಾಸಿಯ ಮಮಕಾರ ರಾಜನ ಮಗಳಾಗಿ ಹುಟ್ಟಿ ಅವನನ್ನು ಬಯಸುತ್ತಾಳೆ, ಅವನು ಮದ್ದಳೆ ನುಡಿಸಿದರೂ ಅವಳ ಕೈಗೆ ಸಿಗುವುದಿಲ್ಲ. ಒಲವೂ ಇಲ್ಲ, ಅಗಲಿಕೆಯೂ ಇಲ್ಲ, ಅಳುವೂ ಇಲ್ಲ. ಚಾಮರಸನ ಕಾವ್ಯಶಕ್ತಿ ದೊಡ್ಡದು, ಅವನ ತಾತ್ತ್ವಿಕ ಉದ್ದೇಶವೂ ಸ್ಪಷ್ಟ. ಪರವಸ್ತುವಿಗೆ ಮೋಹ ಅಂಟಲಾರದೆಂದು ತೋರಿಸಲು ಅವನಿಗೆ ಅಂಥ ನಾಯಕನೇ ಬೇಕಾಗಿತ್ತು. ಆದರೂ ಎರಡು ಕೃತಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಕಾಣುವುದು, ಎರಡು ಶತಮಾನಗಳ ಭಕ್ತಿ ಒಬ್ಬ ನೊಂದ ಮನುಷ್ಯನನ್ನು ಎಂದೂ ನೋಯದವನನ್ನಾಗಿ ಮಾಡಿದ ಬಗೆ. ಮುಂದಿನ ವೀರಶೈವ ಪರಂಪರೆ ಹೆಚ್ಚಾಗಿ ಎತ್ತಿಹಿಡಿದದ್ದು ಚಾಮರಸನ ಚಿತ್ರವನ್ನೇ. ಎಡವದೆ ಎತ್ತರಕ್ಕೆ ಏರಿದವನು ಪೂಜೆಗೆ ಒದಗುತ್ತಾನೆ. ಎಡವಿ, ಅತ್ತು, ಆಮೇಲೆ ಎದ್ದವನು ಮಾತ್ರ ಇನ್ನೊಬ್ಬ ಎಡವಿದವನಿಗೆ ದಾರಿ ತೋರಬಲ್ಲ. ನಿಭಾವಣೆಯ ದೃಷ್ಟಿಯಿಂದ ಹರಿಹರನ ರಗಳೆಯ ಬೆಲೆ ಇರುವುದು ಇಲ್ಲಿ, ಮತ್ತು ಆ ಚಿತ್ರ ಹಿಂದೆ ಸರಿದದ್ದು ಬಳ್ಳಿಗಾವೆಯ ನೆನಪಿಗೆ ಆದ ನಿಜವಾದ ನಷ್ಟ.

ಪಂಡಿತರ ಶಾಸ್ತ್ರ, ಕವಿಗಳ ಕಾವ್ಯ ಇವುಗಳಿಗಿಂತ ಹಳ್ಳಿಯ ಜನರ ಕೈಗೆ ಸುಲಭವಾಗಿ ಎಟುಕಿದ ಸಾಧನವೆಂದರೆ ಹರಕೆ. ಮಲೆನಾಡಿನ ಜ್ವರಗಳು ಹೆಸರುವಾಸಿಯಾಗಿದ್ದವು, ಮಂಗನ ಕಾಯಿಲೆಗೆ ಕ್ಯಾಸನೂರು ಕಾಡಿನ ರೋಗವೆಂಬ ಹೆಸರು ಬಂದದ್ದು 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಅದು ಮೊದಲು ಪತ್ತೆಯಾದುದರಿಂದ. ಮಗುವಿನ ಕಾಯಿಲೆ, ಬಂಜೆತನ, ಬೆಳೆಯ ನಷ್ಟ ಹೀಗೆ ತಮ್ಮ ಕೈಮೀರಿದ ಸಂಕಟ ಬಂದಾಗ ದೇವರಿಗೆ ಒಂದು ಮಾತು ಕೊಡುವುದು, ಸಂಕಟ ಕಳೆದ ಮೇಲೆ ಆ ಮಾತನ್ನು ತೀರಿಸುವುದು, ಇದು ಹರಕೆಯ ರೀತಿ. ಏನೂ ಮಾಡಲಾಗದ ಸ್ಥಿತಿಯಲ್ಲಿರುವವರಿಗೆ ಮಾಡಬಹುದಾದ ಒಂದು ಕೆಲಸವನ್ನು ಅದು ಒದಗಿಸುತ್ತದೆ, ಕಾಯುವ ಕಾಲಕ್ಕೆ ಒಂದು ಮೇರೆ ಹಾಕುತ್ತದೆ, ಮನೆಯವರನ್ನು ಒಂದೇ ಸಂಕಲ್ಪದಲ್ಲಿ ಸೇರಿಸುತ್ತದೆ; ಭಾವವನ್ನು ತಣಿಸುವ ನಿಭಾವಣೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಪಠ್ಯಪುಸ್ತಕಗಳಲ್ಲಿ ವಿರಳ. ಆದರೆ ಧಾರ್ಮಿಕ ನಿಭಾವಣೆಯನ್ನು ವಿಸ್ತಾರವಾಗಿ ಅಭ್ಯಾಸ ಮಾಡಿದ ಅಮೆರಿಕದ ಕೆನೆತ್ ಪಾರ್ಗಮೆಂಟ್ ತೋರಿಸಿರುವಂತೆ, ದೇವರನ್ನು ಆಸರೆಯೆಂದು ನೆಚ್ಚುವುದು ಒಂದು, ದೇವರು ತನ್ನನ್ನು ದಂಡಿಸುತ್ತಿದ್ದಾನೆಂದು ನಡುಗುವುದು ಇನ್ನೊಂದು. ಮೊದಲನೆಯದು ಸ್ವಾಸ್ಥ್ಯವನ್ನು ಹೆಚ್ಚಿಸಿದರೆ ಎರಡನೆಯದು ಕುಗ್ಗಿಸುತ್ತದೆ. ಹರಕೆಯಲ್ಲಿ ಈ ಎರಡೂ ಒಟ್ಟಿಗೇ ಇವೆ, ಏಕೆಂದರೆ ತೀರದ ಹರಕೆ, ಲೋಪವಾದ ಹರಕೆ ಮುಂದಿನ ಕೇಡಿಗೆಲ್ಲ ಕಾರಣವೆಂಬ ಭಯವೂ ಅದರ ಬೆನ್ನಿಗಿದೆ.

ಸೊರಬ ತಾಲೂಕಿನ ಚಂದ್ರಗುತ್ತಿಯ ರೇಣುಕಾಂಬೆಯ ಜಾತ್ರೆಯಲ್ಲಿ ನಡೆಯುತ್ತಿದ್ದ ಬೆತ್ತಲೆ ಸೇವೆ ಈ ಇಕ್ಕಟ್ಟನ್ನು ಕಟುವಾಗಿ ತೋರಿಸಿತು. ಹರಕೆ ಹೊತ್ತ ಹೆಂಗಸರೂ ಗಂಡಸರೂ ವರದಾ ನದಿಯಲ್ಲಿ ಮಿಂದು ಬೆತ್ತಲೆಯಾಗಿ ಬೆಟ್ಟದ ಗುಹಾಲಯಕ್ಕೆ ನಡೆದು ಹೋಗುತ್ತಿದ್ದ ಆ ಪದ್ಧತಿಗೆ ಒಳಗಾದವರಲ್ಲಿ ದಲಿತ ಮತ್ತು ಹಿಂದುಳಿದ ಜಾತಿಗಳ ಬಡವರೇ ಹೆಚ್ಚು. 1986ರ ಮಾರ್ಚ್ ತಿಂಗಳಿನಲ್ಲಿ ದಲಿತ ಸಂಘರ್ಷ ಸಮಿತಿಯವರೂ ಇತರ ಸಂಘಟನೆಗಳವರೂ ಅದನ್ನು ತಡೆಯಲು ಮುಂದಾದಾಗ ಘರ್ಷಣೆಯಾಗಿ, ಕಾರ್ಯಕರ್ತರೂ ಪೊಲೀಸರೂ ಹಲ್ಲೆಗೆ ಒಳಗಾದರು. ಆಮೇಲೆ ಸರಕಾರ ಪದ್ಧತಿಯನ್ನು ನಿಷೇಧಿಸಿತು. ಯು. ಆರ್. ಅನಂತಮೂರ್ತಿ ಅವರು ಬೆತ್ತಲೆ ಪೂಜೆ ಏಕೆ ಕೂಡದು ಎಂಬ ಬರಹದಲ್ಲಿ ಆಧುನಿಕ ವಿಚಾರವಂತಿಕೆಯ ಆತ್ಮವಿಶ್ವಾಸವನ್ನೇ ಪ್ರಶ್ನೆಗೆ ಒಡ್ಡಿದರು, ಅದಕ್ಕೆ ಬಂದ ವಿರೋಧವೂ ಬಲವಾಗಿತ್ತು. ಮನೋವಿಜ್ಞಾನದ ಕಡೆಯಿಂದ ನೋಡಿದರೆ ನಿಷೇಧ ಸರಿಯಾದುದೇ, ಏಕೆಂದರೆ ಸಂಕಟ ಕಳೆಯುವ ಬೆಲೆಯಾಗಿ ಮಾನವನ್ನು ಕೇಳುವ ಪದ್ಧತಿಯಲ್ಲಿ ಆ ಬೆಲೆ ತೆರುತ್ತಿದ್ದವರು ಯಾವಾಗಲೂ ಅತ್ಯಂತ ದುರ್ಬಲರೇ ಆಗಿದ್ದರು. ಆದರೆ ಹರಕೆ ಹೊತ್ತು ಬಂದವರ ಎದೆಯೊಳಗಿದ್ದ ಅಂಜಿಕೆಗೆ, ಅದಕ್ಕೆ ಕಾರಣವಾದ ರೋಗಕ್ಕೆ, ಪೊಲೀಸರ ಕಾವಲಿನಿಂದ ಪರಿಹಾರ ಸಿಗುವಂತಿರಲಿಲ್ಲ. ಅದಕ್ಕೆ ಬೇಕಾಗಿದ್ದ ವಿದ್ಯೆ ಆ ಹೊತ್ತಿಗೆ ಕರ್ನಾಟಕದಲ್ಲಿ ಬೆಳೆದಿತ್ತು, ಹಳ್ಳಿಯ ದಾರಿಯನ್ನು ಮಾತ್ರ ಇನ್ನೂ ಹುಡುಕುತ್ತಿತ್ತು.

ಆ ವಿದ್ಯೆ ಕನ್ನಡನಾಡಿಗೆ ಎರಡು ಬಾಗಿಲುಗಳಿಂದ ಬಂತು. ಕಲ್ಕತ್ತೆಯ ತತ್ತ್ವಶಾಸ್ತ್ರಜ್ಞ ಬ್ರಜೇಂದ್ರನಾಥ ಸೀಲ್ ಅವರು ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ, 1924ರಲ್ಲಿ ಅಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಅಭ್ಯಾಸ ಮಾಡಿ ಬಂದಿದ್ದ ಎಂ. ವಿ. ಗೋಪಾಲಸ್ವಾಮಿ ಅದನ್ನು ಕಟ್ಟಿದರು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಆಕಾಶವಾಣಿ ಎಂಬ ಬಾನುಲಿ ಕೇಂದ್ರವನ್ನು ಆರಂಭಿಸಿದವರೂ ಅವರೇ. ಇನ್ನೊಂದು ಬಾಗಿಲು ಬೆಂಗಳೂರಿನ ಹುಚ್ಚಾಸ್ಪತ್ರೆ. 1925ರಲ್ಲಿ ಅದರ ಹೆಸರು ಮಾನಸಿಕ ಆಸ್ಪತ್ರೆಯೆಂದಾಯಿತು, 1954ರಲ್ಲಿ ಆ ಆವರಣದಲ್ಲಿ ಎಂ. ವಿ. ಗೋವಿಂದಸ್ವಾಮಿ ಅವರ ನೇತೃತ್ವದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು, 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆದವು. ವೈದ್ಯರಾಗಿ, ಕೊರವಂಜಿ ಪತ್ರಿಕೆಯ ರಾಶಿಯಾಗಿ ಹೆಸರಾದ ಎಂ. ಶಿವರಾಂ ಅವರ ಮನಮಂಥನ ಕೃತಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ದೊರೆತದ್ದು, ಮನಸ್ಸಿನ ಶಾಸ್ತ್ರವನ್ನು ಕನ್ನಡದಲ್ಲಿ ಗಂಭೀರವಾಗಿ ಬರೆಯಬಹುದೆಂಬುದಕ್ಕೆ ಸಿಕ್ಕ ಮನ್ನಣೆ. ಶಿವಮೊಗ್ಗದಲ್ಲಿ ಮನೋವೈದ್ಯ ಅಶೋಕ ಪೈ ಅವರು ಚಿಕಿತ್ಸೆಯ ಜೊತೆಗೆ ಬರಹ, ಚಲನಚಿತ್ರಗಳನ್ನೂ ಅದೇ ಕೆಲಸಕ್ಕೆ ಬಳಸಿದರು.

ಒತ್ತಡವನ್ನು ಹಳ್ಳಿಯಲ್ಲಿಯೇ ಕುಳಿತು ಅಭ್ಯಾಸ ಮಾಡಿದ ಮಹತ್ವದ ಪ್ರಯತ್ನ ನಡೆದದ್ದು ಘಟ್ಟದ ಕೆಳಗೆ, ಶಿವರಾಮ ಕಾರಂತರು ಹುಟ್ಟಿದ ಕೋಟದಲ್ಲಿ. ಎಡಿನ್‌ಬರೋದ ಮನೋವೈದ್ಯ ಜಿ. ಎಂ. ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಅಲ್ಲಿಯ ಬ್ರಾಹ್ಮಣರು, ಬಂಟರು, ಮೊಗವೀರರು ಎಂಬ ಮೂರು ಸಮುದಾಯಗಳ ಮನೆಮನೆಗೆ ಹೋಗಿ, ಕನ್ನಡ ಬಲ್ಲವರ ನೆರವಿನಿಂದ ಪ್ರಶ್ನೆ ಕೇಳಿ, ಅಳಿಯಸಂತಾನದ ಪದ್ಧತಿ ಸಡಿಲವಾಗುತ್ತಿದ್ದ ಕಾಲದಲ್ಲಿ ಬದಲಾವಣೆಗೂ ಮನಸ್ಸಿನ ನೋವಿಗೂ ಇರುವ ಸಂಬಂಧವನ್ನು ಹುಡುಕಿದರು. ಅದರ ಫಲವಾದ ಗ್ರಂಥ 1976ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಆ ಊರಿನ ವೈದ್ಯರು, ಮಂತ್ರವಾದಿಗಳು, ಮೈಮೇಲೆ ದೈವ ಬರಿಸಿಕೊಳ್ಳುವ ಪಾತ್ರಿಗಳು ಇವರನ್ನೆಲ್ಲ ಗೌರವದಿಂದ ಮಾತನಾಡಿಸಿ, ಅವರು ರೋಗವನ್ನು ಅರ್ಥಮಾಡಿಕೊಳ್ಳುವ ಬಗೆಯನ್ನೂ ಸಂಶೋಧಕರು ದಾಖಲಿಸಿದರು. ಜನ ಪಾತ್ರಿಯ ಬಳಿಗೂ ಡಾಕ್ಟರರ ಬಳಿಗೂ ಹೋಗುತ್ತಿದ್ದರು, ಎರಡರ ನಡುವೆ ಅವರಿಗೆ ವಿರೋಧ ಕಾಣುತ್ತಿರಲಿಲ್ಲ ಎಂದು ಕಪೂರ್ ಬರೆದರು. ಚಂದ್ರಗುತ್ತಿಯಲ್ಲಿ ಮುಂದೆ ಎದ್ದ ಜಗಳದ ಇಬ್ಬದಿಯವರಿಗೂ ಈ ಮಾತು ಮೊದಲೇ ತಿಳಿದಿದ್ದರೆ ಒಳ್ಳೆಯದಿತ್ತು. 1982ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಮತ್ತು ಅದರ ಜಿಲ್ಲಾ ಮಟ್ಟದ ಕಾರ್ಯಕ್ರಮಕ್ಕೆ ಮುಂದೆ ಮಾದರಿ ಒದಗಿಸಿದ ಬಳ್ಳಾರಿ ಜಿಲ್ಲೆಯ ಯೋಜನೆ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಈ ಚಿಕಿತ್ಸೆಯನ್ನು ಹಳ್ಳಿಗೆ ತಲುಪಿಸುವ ದಾರಿಯನ್ನು ತೆರೆದವು.

ಕಪೂರ್ ತಮ್ಮ ಮುಂದಿನ ವರ್ಷಗಳಲ್ಲಿ ಸ್ವತಃ ಯೋಗಾಭ್ಯಾಸಕ್ಕೆ ತೊಡಗಿ, ಆಮೇಲೆ ಸಾಧುಸಂನ್ಯಾಸಿಗಳನ್ನು ಕಂಡು ಅವರ ಬಾಳಿನ ನೆಮ್ಮದಿಯ ಸ್ವರೂಪವನ್ನು ವಿಚಾರಿಸುವ ಕೆಲಸಕ್ಕೆ ಇಳಿದರು. 2006ರಲ್ಲಿ ಅವರು ತೀರಿಕೊಂಡ ಮೇಲೆ, 2009ರಲ್ಲಿ ಆ ಪುಸ್ತಕ ಹೊರಬಂತು. ಕೋಡಿಯ ಮಠದ ಶಾಸನ ಹೆಸರಿಸುವ ಯೋಗಶಾಸ್ತ್ರವನ್ನು ಮನೋವೈದ್ಯರೊಬ್ಬರು ಹೀಗೆ ಚಿಕಿತ್ಸೆಯ ಆಚೆಗೂ ಬೆನ್ನುಹತ್ತಿದ್ದು ಭಾರತೀಯ ಮನೋವಿಜ್ಞಾನಕ್ಕೆ ಘನತೆ ತಂದ ಕೆಲಸ. ಪರಿಪೂರ್ಣತಾಹಟದ ಅಳತೆಗೋಲುಗಳ ವಿಷಯದಲ್ಲಿ ಅಂಥ ದುಡಿಮೆ ನಡೆಯಬೇಕಾದದ್ದು ಈಗ. ಹೆವಿಟ್ ಮತ್ತು ಫ್ಲೆಟ್ ಅವರ ಪ್ರಶ್ನಾವಳಿ ಇತರರು ಎಂದು ಒಟ್ಟಾರೆ ಹೇಳಿ ಮುಗಿಸುತ್ತದೆ, ಆದರೆ ಜಡೆ ಹೋಬಳಿಯ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿಗೆ ಓದುತ್ತಿರುವ ಹುಡುಗಿಗೆ ಇತರರೆಂದರೆ ಗದ್ದೆ ಅಡವಿಟ್ಟು ಓದಿಸುತ್ತಿರುವ ಅಪ್ಪ, ಮದುವೆಯ ಮಾತೆತ್ತುವ ಅಜ್ಜಿ, ಫಲಿತಾಂಶದ ದಿನ ಅಂಕ ಕೇಳುವ ಕೇರಿಯವರು, ಮೇಷ್ಟ್ರು, ಮಠದ ಸ್ವಾಮಿಗಳು ಹೀಗೆ ಹೆಸರೂ ಮುಖವೂ ಇರುವ ಬೇರೆಬೇರೆ ಜನ. ಇವರಲ್ಲಿ ಕೆಲವರು ಭಾರ ಹೊರಿಸುವವರು, ಕೆಲವರು ಇಳಿಸುವವರು, ಅನೇಕರು ಎರಡನ್ನೂ ಮಾಡುವವರು. ಅಪ್ಪನ ಆಸೆ ಅವಳಿಗೆ ಯಾವಾಗ ಬಲವಾಗುತ್ತದೆ, ಯಾವಾಗ ಬೆದರಿಕೆಯಾಗುತ್ತದೆ ಎಂಬುದನ್ನು ಬಿಡಿಸಿ ಕೇಳಬಲ್ಲ ಪ್ರಶ್ನೆಗಳನ್ನು ಅವಳ ಮನೆಯ ಕನ್ನಡದಲ್ಲಿಯೇ, ಕೋಟದಲ್ಲಿ ಮಾಡಿದಂತೆ ಮನೆಬಾಗಿಲಿಗೆ ಹೋಗಿ ಕೇಳಿ ಕಟ್ಟಬೇಕಾಗುತ್ತದೆ.